ಯುದ್ಧದಿಂದ ಬಂದ ಮನೆಯವರ ಜೊತೆ ಪಾಸ್ಕ ಹಬ್ಬ: ಕ್ರಾಕೋವ್‌ನಲ್ಲಿ ನನ್ನ ಅನುಭವ

ಉಕ್ರೇನ್ ಯುದ್ಧದಿಂದ ಓಡಿ ಬಂದ ಕುಟುಂಬಕ್ಕೆ ಈಸ್ಟರ್‌ಗೆ ಏನು ಕೊಡಬಹುದು ಅಂತ ಊರಿನ ಗೆಳೆಯರು ಆಗಾಗ ಕೇಳುತ್ತಾರೆ. ನಾನು ಹೇಳುವುದು ಒಂದೇ. ಅಡುಗೆಮನೆ ಕೊಡಿ. ಮೈದಾ, ಮೊಟ್ಟೆ, ಬೆಣ್ಣೆ, ಒಂದು ದೊಡ್ಡ ಓವನ್, ಇಡೀ ದಿನ ಯಾರೂ "ಆಯ್ತಾ?" ಅಂತ ಕೇಳದ ಒಂದು ಜಾಗ. ಹಬ್ಬವನ್ನು ಅವರು ಮಾಡಿಕೊಳ್ಳುತ್ತಾರೆ. ಅದು ಅವರ ಹಬ್ಬ, ನಮ್ಮದಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತು.

ನಾನು ಮಂಗಳೂರು ಕಡೆಯ ಕಥೋಲಿಕ, ಕೆಲಸ ಪೋಲೆಂಡ್‌ನ ಕ್ರಾಕೋವ್‌ನಲ್ಲಿ. ಇಲ್ಲಿಂದ ಉಕ್ರೇನ್ ಗಡಿ ಸುಮಾರು 250 ಕಿಲೋಮೀಟರ್. 2022ರ ಫೆಬ್ರವರಿ 24ಕ್ಕೆ ಯುದ್ಧ ಶುರುವಾದಾಗ ನಾವು ಕೆಲವು ಭಾರತೀಯರು ಮೊದಲು ಓಡಿದ್ದು ನಮ್ಮ ವಿದ್ಯಾರ್ಥಿಗಳಿಗಾಗಿ. ಚಹಾ, ಸಿಮ್ ಕಾರ್ಡ್, ಮಲಗಲು ಜಾಗ, ಗಡಿ ಹತ್ತಿರದ ಝೆಶೂಫ್‌ನಿಂದ ಹೊರಡುವ ವಿಮಾನಕ್ಕೆ ಕಳಿಸುವುದು. ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಹುಡುಗರ ಮುಖ ನೋಡಲು ಆಗುತ್ತಿರಲಿಲ್ಲ. ಆಮೇಲೆ ವಿದ್ಯಾರ್ಥಿಗಳು ಊರು ಸೇರಿದರು. ರೈಲ್ವೆ ಸ್ಟೇಷನ್ ಮಾತ್ರ ಖಾಲಿಯಾಗಲಿಲ್ಲ. ಅಮ್ಮಂದಿರು, ಮಕ್ಕಳು, ಅಜ್ಜಿಯರು, ಬುಟ್ಟಿಯಲ್ಲಿ ಬೆಕ್ಕು. 18ರಿಂದ 60 ವರ್ಷದ ಗಂಡಸರು ದೇಶ ಬಿಡುವಂತಿರಲಿಲ್ಲ, ಹಾಗಾಗಿ ಬಂದ ಹೆಚ್ಚಿನ ಮನೆಗಳಲ್ಲಿ ಅಪ್ಪ ಫೋನ್‌ನೊಳಗೆ ಮಾತ್ರ ಇದ್ದ.

ಆ ವರ್ಷ ನಮ್ಮ ಈಸ್ಟರ್ ಏಪ್ರಿಲ್ 17ಕ್ಕೆ ಬಂತು, ಅವರದ್ದು 24ಕ್ಕೆ. ಉಕ್ರೇನಿನ ಆರ್ಥೊಡಾಕ್ಸ್ ಆಗಲಿ, ಪೂರ್ವದ ಪದ್ಧತಿಯಲ್ಲಿ ಪೂಜೆ ಮಾಡಿದರೂ ಪೋಪರನ್ನು ಒಪ್ಪುವ ಗ್ರೀಕ್ ಕಥೋಲಿಕರಾಗಲಿ ಈಸ್ಟರ್ ಲೆಕ್ಕವನ್ನು ಹಳೆಯ ಜೂಲಿಯನ್ ಕ್ಯಾಲೆಂಡರ್ ಪ್ರಕಾರ ಹಾಕುತ್ತಾರೆ. ನಮಗೆ ಅದು ಅನುಕೂಲವೇ ಆಯಿತು. ನಮ್ಮ ಹಬ್ಬ ಮುಗಿದು ಚರ್ಚಿನ ಹಾಲ್ ಖಾಲಿ ಇತ್ತು, ಫಾದರ್ ಕೀಲಿ ಕೊಟ್ಟರು, ಇಡೀ ವಾರ ನಿಮ್ಮದೇ ಅಂದರು.

ಪಾಸ್ಕ ಅಂದರೆ ಅವರಲ್ಲಿ ಹಬ್ಬವೂ ಹೌದು, ಹಬ್ಬದ ಬ್ರೆಡ್ಡೂ ಹೌದು. ಪವಿತ್ರ ಗುರುವಾರ ಬೇಯಿಸುವುದು ರೂಢಿ. ಮೊಟ್ಟೆಯ ಹಳದಿ ಜಾಸ್ತಿ, ಬೆಣ್ಣೆ ಜಾಸ್ತಿ, ಒಣದ್ರಾಕ್ಷಿ, ಹಿಟ್ಟು ಉಬ್ಬಲು ಗಂಟೆಗಟ್ಟಲೆ ಕಾಯಬೇಕು, ಅಷ್ಟು ಹೊತ್ತು ಬಾಗಿಲು ಧಡಾರ್ ಅಂತ ಹಾಕುವಂತಿಲ್ಲ, ಜೋರಾಗಿ ಜಗಳ ಆಡುವಂತಿಲ್ಲ, ಹಿಟ್ಟು ಕುಸಿದುಬಿಡುತ್ತದೆ ಅಂತ ಅಜ್ಜಿಯರ ಕಟ್ಟಪ್ಪಣೆ. ಜಗಳ ಮಾತ್ರ ಆಯಿತು! ಪಶ್ಚಿಮದ ಲ್ವಿವ್ ಕಡೆಯವರು ಜಡೆ ಹೆಣೆದು ಮೇಲಿಟ್ಟ ದುಂಡನೆಯ ಪಾಸ್ಕ ಮಾಡುತ್ತಾರೆ. ಪೂರ್ವದ ಖಾರ್ಕಿವ್ ಕಡೆಯವರದ್ದು ಉದ್ದನೆಯದು, ತಲೆಗೆ ಬಿಳಿ ಸಕ್ಕರೆ ಪಾಕ, ಬಣ್ಣದ ಕಾಳು. ಯಾವುದು ಸರಿ ಅಂತ ಇಬ್ಬರು ಅಜ್ಜಿಯರು ಪಿಸುಮಾತಿನಲ್ಲೇ ವಾದ ಮಾಡಿದರು. ವಾರಗಟ್ಟಲೆ ಬಾಯಿ ಬಿಡದೆ ಕೂತಿದ್ದ ಹೆಂಗಸರು ಹಿಟ್ಟಿನ ವಿಷಯಕ್ಕೆ ಮಾತಾಡತೊಡಗಿದ್ದು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಅಚ್ಚು ಸಾಲದೇ ಟೊಮೆಟೊ ಡಬ್ಬಿಗಳನ್ನೇ ತೊಳೆದು ಒಳಗೆ ಕಾಗದ ಹಾಕಿ ಬಳಸಿದೆವು.

ಮೊಟ್ಟೆಗೆ ಬಣ್ಣ ಕಟ್ಟಲು ಈರುಳ್ಳಿ ಸಿಪ್ಪೆ ಬೇಕು ಅಂದರು. ಅದು ನನ್ನ ಕೈಲಿ ಆಗುವ ಕೆಲಸ. ಊರಿನ ಇಂಡಿಯನ್ ರೆಸ್ಟೋರೆಂಟ್‌ಗಳಿಗೆ ಹೋಗಿ ಚೀಲಗಟ್ಟಲೆ ತಂದೆ. ಸಿಪ್ಪೆ ಕುದಿಸಿದ ನೀರಿನಲ್ಲಿ ಮೊಟ್ಟೆ ಬೇಯಿಸಿದರೆ ಒಳ್ಳೆ ಕಂದುಗೆಂಪು ಬರುತ್ತದೆ. ಇದಲ್ಲದೆ ಪಿಸಂಕ ಅಂತ ಬೇರೆಯೇ ಇದೆ, ಹಸಿ ಮೊಟ್ಟೆಯ ಮೇಲೆ ಬಿಸಿ ಜೇನುಮೇಣದಲ್ಲಿ ಗೆರೆ ಎಳೆದು, ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ಒಂದೊಂದೇ ಸಲ ಅದ್ದಿ, ಕೊನೆಗೆ ಮೇಣ ಕರಗಿಸಿ ಒರೆಸುವುದು. ಮಕ್ಕಳು ಅದರಲ್ಲೇ ಗಂಟೆಗಟ್ಟಲೆ ಮುಳುಗಿದರು.

ಬುಟ್ಟಿಯಲ್ಲಿ ಪಾಸ್ಕ, ಮೊಟ್ಟೆ, ಸಾಸೇಜ್, ಬೆಣ್ಣೆ, ಉಪ್ಪು, ಖಾರದ ಮುಲ್ಲಂಗಿ ಬೇರು, ಮೇಲೆ ಕಸೂತಿ ಬಟ್ಟೆ. ಹೆಚ್ಚಿನವರ ಕಸೂತಿ ಬಟ್ಟೆ ಮನೆಯಲ್ಲೇ ಉಳಿದಿತ್ತು, ಒಬ್ಬ ಅಜ್ಜಿ ಮಾತ್ರ ತನ್ನದನ್ನು ಔಷಧಿ ಚೀಲದಲ್ಲಿ ಸುತ್ತಿ ತಂದಿದ್ದರು. ಆಶೀರ್ವಾದಕ್ಕೆ ಗ್ರೀಕ್ ಕಥೋಲಿಕರು ವಿಶ್ಲ್ನಾ ಬೀದಿಯ ತಮ್ಮ ಚರ್ಚಿಗೆ ಹೋದರು, ಆರ್ಥೊಡಾಕ್ಸ್ ಮನೆಯವರು ಶ್ಪಿತಾಲ್ನಾ ಬೀದಿಯ ಚರ್ಚಿಗೆ. ನಮ್ಮದು ಸಾಗಿಸುವ ಕೆಲಸ ಅಷ್ಟೇ. ನಮ್ಮ ಪೂಜೆಗೆ ಬನ್ನಿ ಅಂತ ಯಾರನ್ನೂ ಒತ್ತಾಯ ಮಾಡಲಿಲ್ಲ. ಊಟ ಕೊಟ್ಟು ಆಮೇಲೆ ಪ್ರಾರ್ಥನೆಗೆ ಕರೆದರೆ, ಹಸಿದವರು ಬೇಡ ಅನ್ನಲು ಆಗುತ್ತದಾ? ಅದು ದಾನ ಅಲ್ಲ, ವ್ಯಾಪಾರ.

ನಾವು ನಾವೇ ಹಾಕಿಕೊಂಡ ಕೆಲವು ಕಟ್ಟುಪಾಡು ಇದ್ದವು. ಫೋಟೊ ತೆಗೆಯಬಾರದು. ನಿಮ್ಮ ಮನೆ ಉಳಿದಿದೆಯಾ ಅಂತ ಕೇಳಬಾರದು, ಅವರೇ ಹೇಳಿದರೆ ಕೇಳಿಸಿಕೊಳ್ಳಬೇಕು. ವೈಫೈ ಗಟ್ಟಿ ಇರಬೇಕು, ಪಕ್ಕದ ಕೋಣೆ ಖಾಲಿ ಇರಬೇಕು, ಯಾಕೆಂದರೆ ಅಪ್ಪನ ಕರೆ ಯಾವ ಹೊತ್ತಿಗೆ ಬರುತ್ತದೆ ಅಂತ ಹೇಳಲಾಗದು, ಬಂದಾಗ ಅವರಿಗೆ ಏಕಾಂತ ಬೇಕು. ಇನ್ನೊಂದು, ಕ್ಷಮೆಯ ಬಗ್ಗೆ ಪ್ರವಚನ ಕೂಡದು.

ಈ ಕೊನೆಯದ್ದರ ಬಗ್ಗೆ ಸ್ವಲ್ಪ ಹೇಳಬೇಕು. ಅದೇ ವರ್ಷ ಏಪ್ರಿಲ್ 15, ಶುಭ ಶುಕ್ರವಾರ, ರೋಮಿನ ಕೊಲೊಸಿಯಂನಲ್ಲಿ ಶಿಲುಬೆಯ ಹಾದಿ, ಅಂದರೆ ಯೇಸುವಿನ ಕೊನೆಯ ಪಯಣವನ್ನು ಹದಿನಾಲ್ಕು ಕಡೆ ನಿಂತು ನೆನೆಯುವ ಪ್ರಾರ್ಥನೆ. ಹದಿಮೂರನೇ ಸ್ಥಳದಲ್ಲಿ ಒಬ್ಬ ಉಕ್ರೇನಿ ಹೆಂಗಸು, ಒಬ್ಬ ರಷ್ಯನ್ ಹೆಂಗಸು ಒಟ್ಟಿಗೆ ಶಿಲುಬೆ ಹಿಡಿದರು. ಅವರಿಬ್ಬರೂ ಗೆಳತಿಯರು, ಮನಸ್ಸು ಒಳ್ಳೆಯದೇ. ಆದರೆ ಉಕ್ರೇನಿನವರಿಗೆ ಅದು ತುಂಬಾ ನೋವಾಯಿತು. ಕೀವ್ ಬಳಿಯ ಬೂಚಾದ ಬೀದಿಗಳಲ್ಲಿ ಸತ್ತು ಬಿದ್ದ ಜನಸಾಮಾನ್ಯರ ಚಿತ್ರ ಹೊರಬಂದು ಎರಡು ವಾರವಾಗಿತ್ತಷ್ಟೇ. ವಿರೋಧ ಬಂದ ಮೇಲೆ ಅಲ್ಲಿ ಓದಬೇಕಿದ್ದ ಉದ್ದನೆಯ ಚಿಂತನೆಯನ್ನು ಬಿಟ್ಟು, ಮೌನವಾಗಿ ಪ್ರಾರ್ಥಿಸಿ ಅಂದರು. ಮೌನವೇ ಸರಿ ಅಂತ ನನಗೂ ಅನಿಸಿತು. ಕ್ಷಮೆ ಕ್ರಿಸ್ತನ ಮಾತು, ನಾನು ಅದನ್ನು ನಂಬುತ್ತೇನೆ. ಆದರೆ ಗಂಡ ಗುಂಡಿನ ನಡುವೆ ಇರುವ ಹೆಂಗಸಿಗೆ ಬೆಚ್ಚಗೆ ಕೂತ ನಾನು ಅದನ್ನು ಹೇಳಿಕೊಡಲು ಯಾರು?

ಹಾಗಾದರೆ ಈಸ್ಟರ್ ನಂಬಿಕೆ ಅವರಿಗೆ ಏನು ಕೊಡುತ್ತದೆ? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಏಪ್ರಿಲ್ 24ಕ್ಕೆ. ಅವರಿಗೆ ಅದು ಈಸ್ಟರ್, ನಮಗೆ ಈಸ್ಟರ್ ಆದ ಮುಂದಿನ ಭಾನುವಾರ, ದೈವಿಕ ಕರುಣೆಯ ಭಾನುವಾರ. ಕ್ರಾಕೋವ್‌ಗೆ ಅದು ದೊಡ್ಡ ದಿನ, ಈ ಕರುಣೆಯ ಭಕ್ತಿಯನ್ನು ಹರಡಿದ ಸನ್ಯಾಸಿನಿ ಸಂತ ಫೌಸ್ಟಿನಾ ಇದ್ದ ವಗ್ಯೆವ್ನಿಕಿ ಮಠ ಇರುವುದು ಇಲ್ಲೇ. ಆ ದಿನ ನಮ್ಮಲ್ಲಿ ಓದುವುದು ಯೋವಾನ್ನರ ಸುವಾರ್ತೆಯಲ್ಲಿ ಸಂತ ತೋಮನ ಕಥೆ ಬರುವ ಭಾಗ. ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಯೇಸು ಒಳಗೆ ಬಂದು ನಿಮಗೆ ಶಾಂತಿ ಅನ್ನುತ್ತಾರೆ, ಕೈ ತೋರಿಸುತ್ತಾರೆ. ಸತ್ತು ಎದ್ದು ಬಂದ ಮೇಲೂ ಶಿಲುಬೆಯ ಮೊಳೆಯ ಗಾಯ ಹಾಗೇ ಇದೆ. ಎಷ್ಟೋ ಸಲ ಕೇಳಿದ ಪಾಠ ಅದು. ಖಾರ್ಕಿವ್‌ನ ಮೆಟ್ರೋ ಸ್ಟೇಷನ್‌ನಲ್ಲಿ ದಿನಗಟ್ಟಲೆ ಬಾಂಬಿಗೆ ಹೆದರಿ ಮಲಗಿ ಬಂದವರ ಪಕ್ಕದಲ್ಲಿ ಕೂತು ಉಂಡ ದಿನ ಮಾತ್ರ ಬೇರೆ ತರಹ ಕೇಳಿಸಿತು. ಗಾಯ ಮಾಯವಾಗುತ್ತದೆ ಅಂತ ಈಸ್ಟರ್ ಹೇಳುವುದಿಲ್ಲ. ಗಾಯದ ಸಮೇತ ಎದ್ದು ಬರಬಹುದು ಅನ್ನುತ್ತದೆ. ಅವರೆಲ್ಲ ಎದ್ದು ನಿಂತು ಕ್ರಿಸ್ತೋಸ್ ವೋಸ್ಕ್ರೆಸ್, ಕ್ರಿಸ್ತ ಎದ್ದಿದ್ದಾರೆ ಅಂತ ಹೇಳಿದಾಗ ದನಿಯಲ್ಲಿ ಅಳುವೂ ಇತ್ತು, ಹಟವೂ ಇತ್ತು. ಖಾರ್ಕಿವ್‌ನ ಅಜ್ಜಿಗೆ ನಮ್ಮ ಹಾವೇರಿಯ ಹುಡುಗನ ವಿಷಯ ಹೇಳಿದ್ದೆ. ಅವರು ಬುಟ್ಟಿಯಲ್ಲಿ ಅವನ ಹೆಸರಿಗೂ ಒಂದು ಮೇಣದ ಬತ್ತಿ ಇಟ್ಟುಕೊಂಡು ಹೋಗಿದ್ದರು.

ಹಬ್ಬ ಮುಗಿದ ಮೇಲೆ ಜನರ ಉತ್ಸಾಹ ಇಳಿಯುತ್ತದೆ, ಯುದ್ಧ ಇಳಿಯುವುದಿಲ್ಲ. ಅಕ್ಟೋಬರ್ 10ರಿಂದ ರಷ್ಯಾ ಉಕ್ರೇನಿನ ವಿದ್ಯುತ್ ವ್ಯವಸ್ಥೆಯ ಮೇಲೆ ಕ್ಷಿಪಣಿ ಹಾಕಲು ಶುರು ಮಾಡಿತು. ನವೆಂಬರ್ 1, ಸಕಲ ಸಂತರ ಹಬ್ಬಕ್ಕೆ ಪೋಲೆಂಡಿನವರು ಸಮಾಧಿಗಳ ಮೇಲೆ ರಾಶಿ ರಾಶಿ ದೀಪ ಹಚ್ಚುತ್ತಾರೆ. ಉರಿದು ಉಳಿದ ಮೇಣವನ್ನು ಹಲವೆಡೆ ಒಟ್ಟುಮಾಡಿ ಉಕ್ರೇನಿಗೆ ಕಳಿಸಿದರು, ನಾವೂ ಸೇರಿದೆವು. ಆ ಮೇಣದಿಂದ ಕಂದಕದ ಮೇಣದ ಬತ್ತಿ, ಅಂದರೆ ಸೈನಿಕರು ಕಂದಕದಲ್ಲೂ ಜನ ಕರೆಂಟ್ ಇಲ್ಲದ ಮನೆಯಲ್ಲೂ ಬಳಸುವ ಡಬ್ಬಿ ದೀಪ ಮಾಡುವುದು ಸುಲಭ. ಖಾಲಿ ತಗಡಿನ ಡಬ್ಬಿ ತೊಳೆದು ಒಣಗಿಸಿ. ಅಲೆಅಲೆಯಾದ ರಟ್ಟನ್ನು ಡಬ್ಬಿಯ ಎತ್ತರಕ್ಕೆ ಕತ್ತರಿಸಿ, ಸುರುಳಿ ಸುತ್ತಿ, ಬಿಗಿಯಾಗಿ ಒಳಗೆ ಕೂರಿಸಿ. ನಡುವೆ ಒಂದು ರಟ್ಟಿನ ತುಂಡು ಬತ್ತಿಯಂತೆ ಸ್ವಲ್ಪ ಮೇಲೆ ನಿಲ್ಲಲಿ. ಮೇಣವನ್ನು ನೇರ ಬೆಂಕಿಯಲ್ಲಿ ಕಾಯಿಸಬೇಡಿ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ ಸುರಿಯಿರಿ. ಗಂಟೆಗಟ್ಟಲೆ ಉರಿಯುತ್ತದೆ, ಒಂದು ಲೋಟ ನೀರು ಕಾಯುತ್ತದೆ, ಕೈ ಬೆಚ್ಚಗಾಗುತ್ತದೆ. ಚರ್ಚಿನ ಬಲಿಪೀಠದಲ್ಲಿ ಉರಿದು ಉಳಿದ ತುಂಡುಗಳನ್ನೂ ಫಾದರ್ ಇದಕ್ಕೇ ಕೊಟ್ಟರು.

ಹಣ ಕಳಿಸುವವರಿಗೆ ನಾನು ಹೇಳುವುದು, ಅಲ್ಲೇ ಇದ್ದು ಕೆಲಸ ಮಾಡುವವರಿಗೆ ಕಳಿಸಿ. ಕಥೋಲಿಕ ಸೇವಾ ಸಂಸ್ಥೆ ಕಾರಿತಾಸ್ ಉಕ್ರೇನಿನ ಜನ ಹಾಗೆ ಉಳಿದವರು. 2022ರ ಮಾರ್ಚ್‌ನಲ್ಲಿ ಮರಿಯುಪೊಲ್‌ನ ಕಾರಿತಾಸ್ ಕೇಂದ್ರಕ್ಕೆ ಟ್ಯಾಂಕ್ ಗುಂಡು ಬಿದ್ದು ಏಳು ಜನ ತೀರಿಕೊಂಡರು, ಅವರಲ್ಲಿ ಇಬ್ಬರು ಅಲ್ಲಿನ ಕೆಲಸಗಾರರು. ನಮ್ಮಲ್ಲಿ ಹಳೆ ಬಟ್ಟೆ ಕೊಟ್ಟು ಕೈತೊಳೆದುಕೊಳ್ಳುವವರು ಜಾಸ್ತಿ. ಅದಕ್ಕಿಂತ ಅಂಗಡಿಯ ಗಿಫ್ಟ್ ಕಾರ್ಡ್ ಒಳ್ಳೆಯದು, ತಾಯಿ ತನ್ನ ಮಗುವಿಗೆ ತಾನೇ ಆರಿಸಿ ಶೂ ಕೊಳ್ಳುತ್ತಾಳೆ.

2025ರಲ್ಲಿ ಎರಡೂ ಈಸ್ಟರ್ ಒಂದೇ ದಿನ, ಏಪ್ರಿಲ್ 20ಕ್ಕೆ ಬಂದವು. ಹಿಂದಿನ ಸಂಜೆ ಪುಟಿನ್ 30 ಗಂಟೆಯ ಕದನವಿರಾಮ ಅಂದರು. ಹಾಲ್‌ನಲ್ಲಿ ಯಾರೂ ಅದನ್ನು ನಂಬಲಿಲ್ಲ. ಎರಡೂ ಕಡೆಯವರು ಉಲ್ಲಂಘನೆ ಆಯಿತು ಅಂತ ದೂರಿದರು, ಹೆಂಗಸರು ಎಂದಿನಂತೆ ಫೋನ್ ನೋಡುತ್ತಲೇ ಹಿಟ್ಟು ನಾದಿದರು.

ಈಗಿನ ಅಗತ್ಯ ಬೇರೆ. ಉಕ್ರೇನಿನವರನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಪೋಲೆಂಡ್ ಸರ್ಕಾರ ಕೊಡುತ್ತಿದ್ದ ಒಬ್ಬರಿಗೆ ದಿನಕ್ಕೆ 40 ಜ್ಲೋಟಿ 2024ರ ಜುಲೈನಿಂದ ನಿಂತಿದೆ. ಅದೇ ಸೆಪ್ಟೆಂಬರ್‌ನಿಂದ ಮಕ್ಕಳು ಪೋಲಿಷ್ ಶಾಲೆಗೆ ಹೋಗುವುದು ಕಡ್ಡಾಯವಾಗಿದೆ. ಹಾಗಾಗಿ ನಮ್ಮ ಗುಂಪು ಈಗ ಬಾಡಿಗೆ ಕರಾರು ಓದಿಕೊಡುತ್ತದೆ, ಮಕ್ಕಳಿಗೆ ಪೋಲಿಷ್ ಮತ್ತು ಗಣಿತ ಹೇಳಿಕೊಡುವವರನ್ನು ಹುಡುಕುತ್ತದೆ, ಡಾಕ್ಟರ ಬಳಿ ಜೊತೆಗೆ ಹೋಗುತ್ತದೆ. ಪವಿತ್ರ ವಾರ ಬಂದರೆ ಹಾಲ್ ಕೀಲಿ ಕೇಳುತ್ತೇವೆ, ಮೈದಾ ತರುತ್ತೇವೆ. ಕ್ರಾಕೋವ್‌ನಲ್ಲಿರುವ ಕನ್ನಡದವರು ಈ ಕೆಲಸಕ್ಕೆ ಸೇರಬಹುದು, ಯಾವ ಧರ್ಮದವರಾದರೂ ಸರಿ. ಗಣಿತ ಹೇಳಿಕೊಡಲು ಬರುವವರು ಈಗ ತುಂಬಾ ಬೇಕು, ಅದರಲ್ಲೂ ಏಳು ಎಂಟನೇ ತರಗತಿಗೆ.