ಪೆಟ್ಟಿಗೆ ಮೇಲೆ 6400, ಅಳೆದರೆ 2300

ಮಾಟುಂಗದ ನಮ್ಮ ಮಾವನ ಹತ್ತಿರ ಕಪ್ಪು-ಬಿಳುಪು ನೆಗೆಟಿವ್‌ಗಳು ಡಬ್ಬಿಗಟ್ಟಲೆ ಇವೆ. ಸ್ಕ್ಯಾನ್ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡೆ. ನನ್ನ ಫ್ಲಾಟ್‌ಬೆಡ್ ಸ್ಕ್ಯಾನರಿನ ಪೆಟ್ಟಿಗೆ ಮೇಲೆ 6400 ಡಿಪಿಐ ಅಂತ ದಪ್ಪಗೆ ಬರೆದಿದೆ. ಹಾಗೇ ಇಟ್ಟರೆ 35 ಎಂಎಂನ ಒಂದೇ ಫ್ರೇಮು 16 ಬಿಟ್‌ನಲ್ಲಿ ಸುಮಾರು 110 ಎಂಬಿ ತಿನ್ನುತ್ತದೆ. ಅದರಲ್ಲಿ ನಿಜವಾದ ವಿವರ ಎಷ್ಟು? 6400 ಅನ್ನುವುದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ ಅಷ್ಟೇ. ಲೆನ್ಸು ಮಸುಕಾಗಿ ಕೊಟ್ಟರೆ ಸ್ಕ್ಯಾನರು ಆ ಮಸುಕನ್ನೇ ಸಣ್ಣಗೆ ಹೆಚ್ಚಿ ಕೊಡುತ್ತದೆ.

ಅಳೆಯಲು ಯುಎಸ್‌ಎಎಫ್ 1951 ಅನ್ನುವ ಪರೀಕ್ಷೆಯ ಫಲಕ (ಟಾರ್ಗೆಟ್) ತರಿಸಿದೆ. ಗಾಜಿನ ಮೇಲೆ ಕ್ರೋಮಿನ ಗೆರೆಗಳು: ಮೂರು ಅಡ್ಡ, ಮೂರು ಉದ್ದ, ಪಕ್ಕದಲ್ಲಿ ಇನ್ನೂ ಸಣ್ಣವು, ಹೀಗೇ ಇಳಿಯುತ್ತಾ ಹೋಗುತ್ತವೆ. ಇವನ್ನು ಗುಂಪು ಮಾಡಿ, ಗುಂಪಿನೊಳಗಿನ ಒಂದೊಂದು ಸೆಟ್ಟಿಗೂ ಸಂಖ್ಯೆ ಕೊಟ್ಟಿದ್ದಾರೆ. ಐದನೇ ಗುಂಪಿನ ಮೊದಲ ಸೆಟ್ಟಿನಲ್ಲಿ ಮಿಲಿಮೀಟರಿಗೆ 32 ಜೋಡಿ; ಒಂದು ಗೆರೆ, ಪಕ್ಕದ ಖಾಲಿ ಜಾಗ ಸೇರಿ ಒಂದು ಜೋಡಿ. ಜೋಡಿಗೆ ಎರಡು ಚುಕ್ಕಿ, ಇಂಚಿಗೆ 25.4 ಮಿಲಿಮೀಟರ್; ಹಾಗಾಗಿ ಜೋಡಿಯ ಸಂಖ್ಯೆಯನ್ನು 50.8ರಿಂದ ಗುಣಿಸಿದರೆ ಡಿಪಿಐ. 6400 ನಿಜ ಆಗಬೇಕಾದರೆ 126 ಜೋಡಿ ಕಾಣಬೇಕು.

ಟಾರ್ಗೆಟ್ಟನ್ನು ಹೋಲ್ಡರಿನಲ್ಲಿ ಫಿಲ್ಮ್ ಕೂರುವ ಎತ್ತರದಲ್ಲೇ, ಕ್ರೋಮ್ ಕೆಳಗೆ ಮಾಡಿ ಇಟ್ಟೆ. ಶಾರ್ಪನಿಂಗ್, ಧೂಳು ತೆಗೆಯುವ ಆಯ್ಕೆ ಎರಡೂ ಬಂದ್. ಶಾರ್ಪನಿಂಗ್ ಇದ್ದರೆ ಗೆರೆಗಳ ಅಂಚು ಸುಮ್ನೆ ಎದ್ದು ಕಂಡು ಲೆಕ್ಕ ಕೆಡುತ್ತದೆ.

ಮೊದಲ ಸ್ಕ್ಯಾನಿನಲ್ಲಿ ಐದನೇ ಗುಂಪಿನ ಮೊದಲ ಸೆಟ್ಟಿನವರೆಗೆ ಮಾತ್ರ ಗೆರೆಗಳು ಬಿಡಿಬಿಡಿಯಾಗಿ ಕಂಡವು. ಅಂದರೆ ಸುಮಾರು 1600. ಅದಕ್ಕಿಂತ ಸಣ್ಣದರಲ್ಲಿ ಒಂದು ಕಡೆ ಮತ್ತೆ ಗೆರೆ ಮೂಡಿದ ಹಾಗಿತ್ತು. ಪರದೆಗೆ ಮೂಗು ತಾಗಿಸಿ ಎಣಿಸಿದರೆ ಇದ್ದದ್ದು ಎರಡೇ! ಮೂರು ಇರಬೇಕಾದ ಕಡೆ ಎರಡು ಕಂಡರೆ ಅದು ವಿವರ ಅಲ್ಲ, ಫೋಕಸ್ ತಪ್ಪಿದಾಗ ಕಾಣುವ ಸುಳ್ಳು ಗೆರೆ.

ಈ ಸ್ಕ್ಯಾನರಿನ ಫೋಕಸ್ ತಿರುಗಿಸಲು ಬರುವುದಿಲ್ಲ. ಹೋಲ್ಡರನ್ನೇ ಎತ್ತಬೇಕು. ಹಳೆಯ ವಿಸಿಟಿಂಗ್ ಕಾರ್ಡ್ ಕತ್ತರಿಸಿ ನಾಲ್ಕೂ ಮೂಲೆಗೆ ಸಮವಾಗಿ ಒಂದೊಂದೇ ತುಂಡು ಸೇರಿಸುತ್ತಾ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದೆ. ಬೇಸರದ ಕೆಲಸ, ಆದರೆ ಫಲ ಸಿಕ್ಕಿದ್ದು ಇಲ್ಲೇ. ಒಂದು ಎತ್ತರದಲ್ಲಿ ಅದೇ ಗುಂಪಿನ ನಾಲ್ಕನೇ ಸೆಟ್ಟಿನ ಗೆರೆಗಳು ಬಿಡಿಸಿಕೊಂಡವು: 45 ಜೋಡಿ, ಸುಮಾರು 2300. ಇನ್ನೊಂದು ಕಾರ್ಡ್ ಇಟ್ಟರೆ ಮತ್ತೆ ಮಸುಕು. ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ನೋಡಬೇಕು. ಒಂದು ದಿಕ್ಕನ್ನು ಸೆನ್ಸರ್ ನೋಡುತ್ತದೆ, ಇನ್ನೊಂದು ಮೋಟಾರಿನ ಓಟಕ್ಕೆ ಬಿಟ್ಟದ್ದು. ಎರಡರಲ್ಲಿ ಕಡಿಮೆ ಬಂದದ್ದನ್ನೇ ನಾನು ಬರೆದುಕೊಂಡದ್ದು.

"ಅಲ್ಲ ಮಾರಾಯಾ, 6400ಕ್ಕೆ ದುಡ್ಡು ಕೊಟ್ಟು 2300 ತಂದೆಯಾ?" ಅಂದರು ಮಾವ. ಅವರಿಗೆ ಬೇಕಿರುವುದು 8×10 ಇಂಚಿನ ಪ್ರಿಂಟು. ಅದಕ್ಕೆ ಇಷ್ಟು ಸಾಕು ಮಾವ ಅಂದೆ.

ಈಗ 3200ರಲ್ಲಿ ಸ್ಕ್ಯಾನ್ ಮಾಡಿ 2400ಕ್ಕೆ ಇಳಿಸುತ್ತೇನೆ. ಫ್ರೇಮಿಗೆ 15 ಎಂಬಿ. ಬಿಲ್ಲಿನ ಹಾಗೆ ಬಗ್ಗಿದ ಪಟ್ಟಿಗಳಿಗೆ ಮಾತ್ರ ಈ ಕಾರ್ಡಿನ ಲೆಕ್ಕ ನಡೆಯುವುದಿಲ್ಲ, ನಡುವೆ ಎತ್ತರ ಬೇರೆಯೇ ಆಗುತ್ತದೆ. ಅವನ್ನು ನೆಗೆಟಿವ್ ಇಡುವ ಕವರಿಗೆ ಹಾಕಿ, ದಪ್ಪ ಪುಸ್ತಕದ ಕೆಳಗೆ ಇಟ್ಟು ಮಟ್ಟಸ ಮಾಡಿಕೊಂಡೇ ಕೂರಿಸುತ್ತೇನೆ.