ಫ್ರೇಮಿನೊಳಗೆ ಬಂದ ನೀಲಿ ತಾಡಪತ್ರಿ

ನಮ್ಮಪ್ಪ ಫೋಟೋ ನೋಡುವ ರೀತಿಯೇ ಬೇರೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವುದಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. ಪುಣೆ ಹತ್ತಿರದ ಮಾವಳ ಸೀಮೆಯಲ್ಲಿ ತೆಗೆದ ನನ್ನ ಮೊದಲ 'ಒಳ್ಳೆಯ' ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಹಸಿರು ಗದ್ದೆ, ಹಿಂದೆ ಮೋಡ ಹೊದ್ದ ಗುಡ್ಡ, ನಡುವೆ ಬಿಳಿ ಎತ್ತಿನ ಜೋಡಿ. ಆಫೀಸಿನಲ್ಲಿ ಎಲ್ಲರೂ ವಾಹ್ ಅಂದಿದ್ದರು. ಅಪ್ಪ ಅಂದದ್ದು ಎರಡೇ ಮಾತು.

"ಬಲಗಡೆ ಎತ್ತಿನ ಹೆಗಲು ಬಾತದ. ನೊಗ ಒತ್ತಲಿಕ್ಕತ್ತದ ಅಂತ ಹೇಳು ಅವರಿಗೆ." ಆಮೇಲೆ ಸ್ವಲ್ಪ ತಡೆದು, "ಅಲ್ಲೋ, ಆ ಊರಾಗ ಟ್ರ್ಯಾಕ್ಟರ್ ಇಲ್ಲೇನು?"

ಇತ್ತು. ನಾನು ನಿಂತ ಜಾಗದಿಂದ ನಾಲ್ಕು ಹೆಜ್ಜೆ ಎಡಕ್ಕೇ ಇತ್ತು. ಅದನ್ನು ತಪ್ಪಿಸೋಕೆ ನಾನೇ ಬದುವಿನ ಮೇಲೆ ಪಕ್ಕಕ್ಕೆ ಸರಿದಿದ್ದೆ. ಮೇವಿನ ಬಣವೆಗೆ ಹೊದಿಸಿದ ನೀಲಿ ತಾಡಪತ್ರಿ, ಕರೆಂಟ್ ಕಂಬ, ಫಾರ್ಮ್‌ಹೌಸ್ ಪ್ಲಾಟ್ ಮಾರಾಟದ ಬೋರ್ಡು, ಎಲ್ಲವನ್ನೂ ಹಾಗೇ ತಪ್ಪಿಸಿದ್ದೆ. ವಿಜಯಪುರದ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದವನು ನಾನು. ನಮ್ಮ ಮನೆ ಅಂಗಳದಲ್ಲೂ ಅಂಥದ್ದೇ ತಾಡಪತ್ರಿ ಇದೆ. ಪುಣೆಗೆ ಬಂದು ಹನ್ನೊಂದು ವರ್ಷಕ್ಕೆ ನನ್ನ ಕಣ್ಣು ಪಿಕ್ನಿಕ್ಕಿಗೆ ಬಂದವರ ಕಣ್ಣಾಗಿಬಿಟ್ಟಿತ್ತು, ನೋಡಿ.

ನನ್ನದು ವಾರದ ರಜೆಯ ಛಾಯಾಗ್ರಹಣ. ಶಿವಾಜಿನಗರದಲ್ಲಿ ಬೆಳಗಿನ ಲೋಣಾವಳಾ ಲೋಕಲ್ ಹಿಡಿದು ಕಾಮಶೇತ್‌ನಲ್ಲಿ ಇಳಿಯುತ್ತೇನೆ. ಅಲ್ಲಿಂದ ಪವನಾ ಡ್ಯಾಮಿನ ಕಡೆಗೆ ಶೇರ್ ಜೀಪು ಸಿಕ್ಕರೆ ಜೀಪು, ಇಲ್ಲವಾದರೆ ನಡಿಗೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಜೊತೆಗೆ ಬಂದ 18-55 ಲೆನ್ಸು, ದೂರದ್ದನ್ನು ಹತ್ತಿರ ತರುವ ಉದ್ದನೆಯ 55-250 ಒಂದು. ಮೊದಲು ಉದ್ದನೆಯದನ್ನೇ ಜಾಸ್ತಿ ಬಳಸುತ್ತಿದ್ದೆ, ದೂರದಿಂದ ಕದ್ದು ತೆಗೆಯಬಹುದಲ್ವಾ ಅಂತ. ಈಗ ಅದು ಬೆಳ್ಳಕ್ಕಿಗೆ ಮಾತ್ರ. ಮನುಷ್ಯರನ್ನು, ದನಗಳನ್ನು ತೆಗೆಯುವಾಗ ಹತ್ತಿರ ಹೋಗಿ, ಮಾತಾಡಿಸಿ, ಆಮೇಲೆ ತೆಗೆಯುತ್ತೇನೆ.

ಕಾರಿನಲ್ಲಿ ಹೋಗುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಎಸಿ ಹಾಕಿಕೊಂಡು ಹೋಗಿ ಗದ್ದೆ ಹತ್ತಿರ ಇಳಿದರೆ ಲೆನ್ಸಿನ ಮೇಲೆ ಮಂಜು ಕೂತುಬಿಡುತ್ತದೆ. ಇಪ್ಪತ್ತು ನಿಮಿಷ ಒರೆಸುತ್ತಾ ನಿಲ್ಲಬೇಕು. ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತು ಹೋದರೆ ಆ ತಾಪತ್ರಯ ಇಲ್ಲ. ಕ್ಯಾಮೆರಾಕ್ಕೆ ಮಳೆಯಂಗಿ ಅಂತ ದುಡ್ಡು ಸುರಿಯೋದೂ ಬೇಡ. ಲಾಡ್ಜ್‌ನಲ್ಲಿ ಕೊಡುವ ಶವರ್ ಕ್ಯಾಪು, ಒಂದು ರಬ್ಬರ್ ಬ್ಯಾಂಡು ಸಾಕು.

ಜುಲೈ ತಿಂಗಳು ಮಾವಳದಲ್ಲಿ ಭತ್ತದ ನಾಟಿ. ಇಲ್ಲಿಯವರ ಬಾಯಲ್ಲಿ ಅದು ಲಾವಣಿ. ನಾವು ಪುಣೆಯಲ್ಲಿ ಚೀಲಗಟ್ಟಲೆ ತಿನ್ನುವ ಇಂದ್ರಾಯಣಿ ಅಕ್ಕಿ ಇಲ್ಲಿಯದೇ. ಆಂಬೆಮೋಹರ್ ಮತ್ತು ಐಆರ್-8 ಅನ್ನುವ ಭತ್ತಗಳನ್ನು ಕೂಡಿಸಿ ವಡಗಾವ್ ಮಾವಳದ ಸಂಶೋಧನಾ ಕೇಂದ್ರದಲ್ಲಿ ಮಾಡಿದ ತಳಿ, 1987ರಲ್ಲಿ ಬಂದದ್ದು. ನಾಟಿಗೆ ಮುಂಚೆ ಗದ್ದೆಯನ್ನು ಕೆಸರು ಮಾಡಬೇಕು. ಅದನ್ನು ಚಿಖಲಣಿ ಅನ್ನುತ್ತಾರೆ. ಈಗ ಹೆಚ್ಚಾಗಿ ಟಿಲ್ಲರ್ ಹೊಡೆಯುತ್ತಾರೆ. ಟಿಲ್ಲರ್ ತಿರುಗಲು ಜಾಗ ಇಲ್ಲದ ಸಣ್ಣ ಮಡಿಗಳಿಗೆ ಎತ್ತು ಬರುತ್ತದೆ. ಒಂದೇ ಹೊಲದಲ್ಲಿ ಅಣ್ಣ ಟಿಲ್ಲರ್ ಹಿಡಿದಿರುತ್ತಾನೆ, ತಮ್ಮ ಎತ್ತು ಹೊಡೆಯುತ್ತಿರುತ್ತಾನೆ. ಎರಡರ ಹಿಂದೆಯೂ ಬೆಳ್ಳಕ್ಕಿ. ಅವಕ್ಕೆ ಹುಳ ಸಿಕ್ಕರೆ ಆಯಿತು, ಎಂಜಿನ್ನೋ ಎತ್ತೋ ಅಂತ ಭೇದ ಇಲ್ಲ. ಈ ಹೊತ್ತಿನಲ್ಲಿ ದನದ ಬೆಳ್ಳಕ್ಕಿಯ ತಲೆ, ಎದೆ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ, ಸಂತಾನದ ಕಾಲ. ಮಬ್ಬು ಬೆಳಕಿನಲ್ಲಿ ಆ ಬಣ್ಣ ಹಸಿರಿನ ಮೇಲೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ, ಬಿಸಿಲು ಬರಲಿ ಅಂತ ಕಾಯೋದನ್ನು ನಾನು ಬಿಟ್ಟೇಬಿಟ್ಟೆ. ಮೋಡದ ದಿನ ಆಕಾಶವನ್ನು ಮಾತ್ರ ಫ್ರೇಮಿನಲ್ಲಿ ಆದಷ್ಟು ಕಡಿಮೆ ಇಡಬೇಕು. ಇಲ್ಲವಾದರೆ ಅದು ಬೆಳ್ಳಗೆ ಸುಣ್ಣ ಬಳಿದ ಗೋಡೆ.

ನನ್ನನ್ನು ತುಂಬಾ ದಿನ ಸತಾಯಿಸಿದ್ದು ಬೇರೆಯದು. ಕಿಲಾರಿ ತಳಿಯ ಎತ್ತು ಬಿಳಿ, ಎಮ್ಮೆ ಕಪ್ಪು. ಕ್ಯಾಮೆರಾದ ಮೀಟರು ತಾನು ನೋಡುವುದೆಲ್ಲ ನಡುವಿನ ಬೂದು ಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಫ್ರೇಮ್ ತುಂಬಾ ಬಿಳಿ ಎತ್ತು ಬಂದರೆ ಅದನ್ನು ಬೂದಿಯಲ್ಲಿ ಹೊರಳಿಸಿದ ಹಾಗೆ ಮಾಡಿಬಿಡುತ್ತದೆ. ಎಮ್ಮೆ ಬಂದರೆ ಅದನ್ನೂ ಬೂದು ಮಾಡಿ ಮೈಯ ಮಿಂಚನ್ನೇ ತಿಂದುಹಾಕುತ್ತದೆ. ಈಗ ಎತ್ತಿಗೆ ಎಕ್ಸ್‌ಪೋಷರನ್ನು ಮುಕ್ಕಾಲು ಇಲ್ಲವೇ ಒಂದು ಸ್ಟಾಪ್ ಏರಿಸುತ್ತೇನೆ, ಅಂದರೆ ಬೆಳಕು ಹೆಚ್ಚಿಸುತ್ತೇನೆ. ಎಮ್ಮೆಗೆ ಅಷ್ಟೇ ಇಳಿಸುತ್ತೇನೆ. ಎರಡೂ ಒಟ್ಟಿಗೆ ನಿಂತರೆ? ಬಿಳಿಯನ್ನು ಉಳಿಸಿಕೊಳ್ಳಿ. ಹಾರಿಹೋದ ಬಿಳಿ ಮತ್ತೆ ಬರುವುದಿಲ್ಲ. ಕ್ಯಾಮೆರಾ ಕಂಡದ್ದನ್ನು ಹಾಗೇ ಉಳಿಸುವ ರಾ ಫೈಲಿನಲ್ಲಿ ತೆಗೆದಿದ್ದರೆ ಕಪ್ಪನ್ನು ಮನೆಗೆ ಬಂದು ಸ್ವಲ್ಪ ಎತ್ತಬಹುದು. ಕೆಸರು ಹಾರುವಾಗ ಶಟರ್ ಸಾವಿರದಲ್ಲೊಂದು ಸೆಕೆಂಡ್ ಇಡುತ್ತೇನೆ. ಮತ್ತೆ ಮಂಡಿಯೂರಿ ಕೂರಬೇಕು. ನಿಂತುಕೊಂಡು ತೆಗೆದರೆ ಎತ್ತಿನ ಬೆನ್ನು ಕಾಣುತ್ತದೆ, ಕಣ್ಣು ಕಾಣುವುದಿಲ್ಲ. ಪ್ಯಾಂಟಿನ ಆಸೆ ಬಿಡಬೇಕು ಅಷ್ಟೇ.

ಉಳುಮೆ ಕಡಿಮೆಯಾದರೂ ಕಿಲಾರಿ ಇನ್ನೂ ಕೊಟ್ಟಿಗೆಗಳಲ್ಲಿ ಇರೋದಕ್ಕೆ ಗಾಡಿ ಓಟದ ಶರ್ಯತ್ತೂ ಒಂದು ಕಾರಣ. ಅದಕ್ಕೆ ಅವಕಾಶ ಕೊಟ್ಟ ಮಹಾರಾಷ್ಟ್ರದ ಕಾಯ್ದೆಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಓಟದ ಫೋಟೋ ನಾನು ತೆಗೆಯಲ್ಲ. ಆ ಧೂಳು, ಕೂಗು ನನಗೆ ಒಗ್ಗುವುದಿಲ್ಲ.

ಇಲ್ಲಿಯ ಎತ್ತಿನ ಹಬ್ಬ ಪೋಳದ ದಿನವೂ ನಾನು ಜಾಸ್ತಿ ತೆಗೆಯಲ್ಲ. ಬಣ್ಣದ ಕೋಡು, ಬೆನ್ನಿಗೆ ಹೊದಿಸುವ ಜೂಲಾ, ಗೊಂಡೆ, ಎಲ್ಲರೂ ಅದನ್ನೇ ತೆಗೆದಿರುತ್ತಾರೆ. ನನಗೆ ಬೇಕಾದದ್ದು ಹಿಂದಿನ ದಿನದ ಖಾಂದೆಮಳಣಿ. ಎತ್ತಿನ ಮೈ ತೊಳೆದು, ಹೆಗಲಿಗೆ ಅರಿಶಿನ, ತುಪ್ಪ ಹಚ್ಚಿ ತಿಕ್ಕುತ್ತಾರೆ. ವರ್ಷವೆಲ್ಲ ನೊಗ ಹೊತ್ತ ಹೆಗಲು. ಅಪ್ಪ ಅಂದು ಹೇಳದೇ ಇದ್ದಿದ್ದರೆ ಆ ಕಡೆಗೆ ನನ್ನ ಕಣ್ಣೇ ಹೋಗುತ್ತಿರಲಿಲ್ಲ. ಒಬ್ಬ ಕಾಕಾ ಅಂಗೈ ಪೂರ್ತಿ ಊರಿ ತಿಕ್ಕುವಾಗ ಎತ್ತು ಕಣ್ಣು ಅರ್ಧ ಮುಚ್ಚಿ ಕತ್ತನ್ನು ಅವರ ಭುಜಕ್ಕೆ ಒರಗಿಸಿತ್ತು. ಗಟ್ಟಿಯಾಗಿ ಕಾಯಿಕಟ್ಟಿದ ಚರ್ಮದ ಮೇಲೆ ಹಳದಿ ತುಪ್ಪ, ಅದರಲ್ಲಿ ನಾಲ್ಕು ಬೆರಳಿನ ಗೆರೆ. ಹಿಂದೆ ನಿಂತ ಮೋಟಾರ್ ಸೈಕಲ್ಲು, ಅದಕ್ಕೆ ನೇತುಹಾಕಿದ ಹಾಲಿನ ಕ್ಯಾನು, ಎರಡನ್ನೂ ಹಾಗೇ ಬಿಟ್ಟೆ. ಅಪ್ಪನಿಗೆ ಕಳಿಸಿದೆ. "ನಮ್ಮ ಕಾರಹುಣ್ಣಿವಿ ಹಂಗ ಐತಿ" ಅಂದರು. ಟ್ರ್ಯಾಕ್ಟರ್ ಮಾತು ಬರಲಿಲ್ಲ.

ದೀಪಾವಳಿ ಆದಮೇಲೆ ನನ್ನ ದಾರಿ ಸಾಸವಡ, ಜೇಜುರಿ ಕಡೆಗೆ. ಧನಗರರ ಕುರಿ ಹಿಂಡುಗಳು ಆಗ ರಸ್ತೆಯಲ್ಲಿರುತ್ತವೆ. ಕೆಲವು ಹಿಂಡುಗಳು ಮೂಡಣದ ಒಣಸೀಮೆಯಿಂದ ಹೊರಟು, ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ತಂಗುತ್ತಾ ಕೊಂಕಣದವರೆಗೂ ಹೋಗಿ, ಮಳೆಗೆ ಮುಂಚೆ ವಾಪಸಾಗುತ್ತವೆ. ಕುದುರೆಯ ಬೆನ್ನ ಮೇಲೆ ಇಡೀ ಸಂಸಾರ. ಒಂದು ಸಂಜೆ ಒಬ್ಬರ ಹತ್ತಿರ ನನ್ನ ಹರಕು ಮರಾಠಿಯಲ್ಲಿ ಫೋಟೋ ತೆಗೆಯಲಾ ಅಂತ ಕೇಳಿದೆ. ಅವರು ನಗುತ್ತಾ, "ಕನ್ನಡದಾಗ ಕೇಳ್ರಲಾ, ನಮ್ಮವ್ವ ಜತ್ ಕಡೀಯಾಕಿ" ಅಂದರು! ಜತ್ ಅಂದರೆ ಸಾಂಗ್ಲಿ ಜಿಲ್ಲೆಯ ಗಡಿ ತಾಲೂಕು, ಅಲ್ಲಿ ಕನ್ನಡ ಮಾತು ಬಹಳ. ಆಮೇಲೆ ಕ್ಯಾಮೆರಾ ಚೀಲದಲ್ಲೇ ಉಳಿಯಿತು. ನಮ್ಮ ಮೈಲಾರಲಿಂಗನೇ ಅವರ ಖಂಡೋಬಾ, ನಮ್ಮ ಬೀರಪ್ಪನೇ ಅವರ ಬಿರೋಬಾ, ಮಾತಿಗೇನು ಕೊರತೆ. ಕತ್ತಲಾದ ಮೇಲೆ ಮೊಬೈಲ್ ಟಾರ್ಚಿನಲ್ಲಿ ಅವರ ಹೆಂಡತಿ ಮರಿಗಳನ್ನು ಎಣಿಸುತ್ತಿದ್ದರು. ಆ ಬೆಳಕಲ್ಲಿ ತೆಗೆದ ಫೋಟೋ ಸ್ವಲ್ಪ ಅಲುಗಾಡಿದೆ. ಆದರೂ ಇಟ್ಟುಕೊಂಡಿದ್ದೇನೆ.

ತಪ್ಪೂ ಮಾಡಿದ್ದೇನೆ. ಕಾಮಶೇತ್ ಹತ್ತಿರ, ನಾನು ಮಾವಶಿ, ಅಂದರೆ ಚಿಕ್ಕಮ್ಮ, ಅಂತ ಕರೆಯುವ ಒಬ್ಬರ ಕೊಟ್ಟಿಗೆಯಲ್ಲಿ ಬೆಳಗಿನ ಜಾವ ಕ್ಯಾಮೆರಾ ಆಟೋ ಮೋಡ್ ಮೇಲಿತ್ತು. ನೋಡಿಕೊಂಡಿರಲಿಲ್ಲ. ಫ್ಲ್ಯಾಶ್ ಹೊಡೆಯಿತು. ಎಮ್ಮೆ ಬೆದರಿ ಹಿಂಗಾಲು ಝಾಡಿಸಿತು, ಬಕೆಟ್ ಉರುಳಿತು. ಚೆಲ್ಲಿದ್ದು ಎರಡು ಲೀಟರ್ ಇರಬಹುದು, ಆದರೆ ಎಮ್ಮೆ ಆಮೇಲೆ ಹಾಲೇ ಬಿಡಲಿಲ್ಲ. ದನ ಹೆದರಿದರೆ ಹಾಲು ಇಳಿಸುವ ಹಾರ್ಮೋನು ಕೆಲಸ ಮಾಡುವುದಿಲ್ಲ. ಚಿಕ್ಕಂದಿನಿಂದ ಗೊತ್ತಿದ್ದ ವಿಷಯ, ಕೈಯಲ್ಲಿ ಕ್ಯಾಮೆರಾ ಬಂದ ಕೂಡಲೇ ಮರೆತಿದ್ದೆ. ದುಡ್ಡು ಕೊಡಹೋದರೆ ಮಾವಶಿ ತೆಗೆದುಕೊಳ್ಳಲಿಲ್ಲ. ಫ್ಲ್ಯಾಶಿನ ಮೇಲೆ ಅಂದೇ ಕಪ್ಪು ಟೇಪು ಅಂಟಿಸಿದೆ. ಈಗ ಕೊಟ್ಟಿಗೆಗೆ ಹೋದರೆ ಮೊದಲ ಹತ್ತು ನಿಮಿಷ ಸುಮ್ನೆ ಕೂರುತ್ತೇನೆ. ಮಬ್ಬಿನಲ್ಲೂ ಕ್ಯಾಮೆರಾಕ್ಕೆ ಕಾಣಲಿ ಅಂತ ಐಎಸ್ಒ 3200ಕ್ಕೆ ಏರಿಸಿ, ಬಾಗಿಲ ಬೆಳಕಲ್ಲಿ ಬಂದಷ್ಟು ತೆಗೆಯುತ್ತೇನೆ.

ಹೋದ ವರ್ಷ ಅದೇ ಮಾವಶಿ, "ಎಲ್ಲರದ್ದೂ ತೆಗೀತೀಯಾ, ನಮ್ಮದೊಂದು ಸರಿಯಾಗಿ ತೆಗಿ" ಅಂದರು. ಮುಂದಿನ ಭಾನುವಾರ ಹೋದಾಗ ಎಮ್ಮೆ ಮೈ ತೊಳೆದು ಕೋಡಿಗೆ ಎಣ್ಣೆ ಹಚ್ಚಿದ್ದರು. ತಾವೂ ಮದುವೆಗೆ ಉಡುವ ಸೀರೆ ಉಟ್ಟಿದ್ದರು. ನಾನು ಕ್ಯಾಮೆರಾ ಎತ್ತಿದೆ. ಅವರು ಕೈ ಅಡ್ಡ ಹಿಡಿದರು.

"ಥಾಂಬ್ ರೇ. ಆ ನೀಲಿ ತಾಡಪತ್ರಿ ಬರಬಾರದು."

ಇದೇ ಊರಿನ ಜೀವನ ಮಾವಶಿ, ಇರಲಿ ಬಿಡಿ, ಅಂತೆಲ್ಲ ಹೇಳಿ ನೋಡಿದೆ. ಅವರು ಕೇಳಬೇಕಲ್ಲ! ಕೊನೆಗೆ ನಾನೂ ಅವರ ಮಗನೂ ಸೇರಿ ತಾಡಪತ್ರಿ ಬಿಚ್ಚಿ, ಮಡಚಿ, ಕೊಟ್ಟಿಗೆಯ ಹಿಂದೆ ಇಟ್ಟೆವು. ಮಗನ ಬೈಕನ್ನೂ ದೂಡಿಸಿದರು. ಹಿಂದೆ ಗುಡ್ಡ, ಮುಂದೆ ಹಸಿರು, ನಡುವೆ ಮಾವಶಿ ಮತ್ತು ಎಮ್ಮೆ. ದೊಡ್ಡ ಪ್ರಿಂಟ್ ಹಾಕಿಸಿ ಕೊಟ್ಟೆ. ಈಗ ಅದು ಅವರ ಪಡಸಾಲೆಯಲ್ಲಿ ಕ್ಯಾಲೆಂಡರಿನ ಪಕ್ಕದಲ್ಲೇ ತೂಗುತ್ತಿದೆ.