ಸೌದೆ ತೂಗಿದ ವಾರ

ಶಿರಸಿ ಸೀಮೆಯ ನಮ್ಮ ಊರಿನಲ್ಲಿ 31 ಮನೆಗಳಿವೆ. 2023ರ ಕೊನೆಯಲ್ಲಿ, ಊರಿಗೊಂದು ಇಂಧನ ಯೋಜನೆ ಮಾಡಿ ಗ್ರಾಮಸಭೆಗೆ ಕೊಡೋಣ ಅಂತ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಸೋಲಾರ್ ಒಂದೇ. ಮನೆಗೊಂದು ಪ್ಯಾನೆಲ್, ದಾರಿಗೆ ನಾಲ್ಕು ದೀಪ ಅಂತ ಹಾಳೆಯಲ್ಲಿ ಬರೆದೂ ಆಗಿತ್ತು.

ಮೊದಲ ಸಭೆ ಹಾಲಿನ ಡೇರಿಯ ಜಗುಲಿಯಲ್ಲಿ ನಡೆಯಿತು. ಬಂದವರೆಲ್ಲ ಗಂಡಸರು. ತಲೆಯಾಡಿಸಿದರು, ಆದರೆ ಯಾರಿಗೂ ಹುರುಪಿರಲಿಲ್ಲ. ಇರುವುದಾದರೂ ಹೇಗೆ? ಗೃಹಜ್ಯೋತಿ ಬಂದ ಮೇಲೆ ಹೆಚ್ಚಿನ ಮನೆಗಳಿಗೆ ಕರೆಂಟ್ ಬಿಲ್ಲೇ ಇಲ್ಲ. ಹೊರಡುವಾಗ ಹಾಲು ಹಾಕಲು ಬಂದ ಅಜ್ಜಿಯೊಬ್ಬರು ನನ್ನ ಹಾಳೆ ನೋಡಿ, "ತಮಾ, ಬಚ್ಚಲ ಒಲೆ ಎಲ್ಲಿ ಬರೆದಿದ್ದೀಯ?" ಅಂದರು. ಬರೆದೇ ಇರಲಿಲ್ಲ.

ಆ ಹಾಳೆಯನ್ನು ಬದಿಗಿಟ್ಟೆವು. ಮುಂದಿನ ಸಭೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಟ್ಟೆವು. ಹೆಂಗಸರಿಗೆ ಬಿಡುವಾಗುವುದು ಆಗಲೇ ಅಲ್ವಾ. ಹದಿನೆಂಟು ಜನ ಬಂದರು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಹಾಕಿ, ಯಾವ ಮನೆಗೆ ಸೌದೆ ಎಲ್ಲಿಂದ ಬರುತ್ತದೆ, ಹೊರುವವರು ಯಾರು ಅಂತ ಅವರೇ ಗುರುತು ಮಾಡಿದರು. ತೋಟಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟದ ಯಾವ ಮೂಲೆ ಬರಿದಾಗಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು.

ಆಮೇಲೆ ತೂಗಿದೆವು. ಕೊಕ್ಕೆ ತಕ್ಕಡಿ ಒಂದು, ನೋಟ್‌ಬುಕ್ ಒಂದು, ಏಳು ದಿನ. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಆ ದಿನದ ಸೌದೆ ತೂಗಿ ಬೇರೆ ಇಡುವುದು, ಮರುದಿನ ಉಳಿದದ್ದನ್ನು ತೂಗಿ ಕಳೆಯುವುದು. ಅಡುಗೆ ಒಲೆಗೆ ಬೇರೆ ರಾಶಿ, ಬಚ್ಚಲಿಗೆ ಬೇರೆ. ಹೀಗೆ ಬೇರೆ ಮಾಡಿದ್ದೇ ದೊಡ್ಡ ಕೆಲಸ. ಎರಡನ್ನೂ ಒಟ್ಟಿಗೆ ತೂಗಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ನನ್ನ ಮನೆಯಲ್ಲಿ ಆರು ಜನ. ಅಡುಗೆಗೆ ಗ್ಯಾಸ್ ಇರುವುದರಿಂದ ಆ ಒಲೆಗೆ ದಿನಕ್ಕೆ ಎರಡು ಕೆಜಿ. ಬಚ್ಚಲಿಗೆ ಹದಿನಾಲ್ಕು! ಬೇರೆ ಮನೆಗಳಲ್ಲೂ ಲೆಕ್ಕ ಹೆಚ್ಚುಕಡಿಮೆ ಇದೇ ದಾರಿಯಲ್ಲಿತ್ತು. ಅದರ ಮೇಲೆ ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಸೌದೆ.

ಸ್ನಾನದ ನೀರಿಗೆ ಸೋಲಾರ್ ಹೀಟರ್ ಹಾಕಬಹುದಲ್ಲ ಅಂತ ಕೆಲವರು ಕೇಳಿದರು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನನ್ನು ನಂಬಿಕೊಂಡು ಕೂರುವಂತಿಲ್ಲ. ಬಿಸಿನೀರು ಜಾಸ್ತಿ ಬೇಕಾಗುವುದೂ ಆಗಲೇ. ಹಾಗಾಗಿ ಹಂಡೆ ಒಲೆಯನ್ನೇ ಸರಿಮಾಡಲು ನಿಂತೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆಯ ತತ್ವ ಹಳೆಯದು, ಗಟ್ಟಿಯಾದದ್ದು: ಸೌದೆಯ ಅಡಿಯಿಂದ ಗಾಳಿ ಬರಲು ಜಾಲರಿ, ಬೆಂಕಿ ಪಾತ್ರೆಯನ್ನು ಸುತ್ತಿ ಹೋಗುವ ದಾರಿ, ಕೊನೆಗೆ ಹೊಗೆ ಕೊಳವೆ. ಹಂಡೆಯ ಸುತ್ತ ಅದನ್ನೇ ಮಣ್ಣು, ಇಟ್ಟಿಗೆಯಲ್ಲಿ ಕಟ್ಟಿದೆವು.

ಮೊದಲ ಒಲೆ ಸೋತಿತು. ಬಾಯಿ ತೀರಾ ಚಿಕ್ಕದಾಗಿ, ಸೌದೆಯನ್ನು ಸಣ್ಣಗೆ ಸೀಳಬೇಕಾಯಿತು. ಆ ಸೀಳುವ ಕೆಲಸವೂ ಹೆಂಗಸರ ತಲೆಗೇ ಬಿತ್ತು. ತಪ್ಪು ನನ್ನದು, ಅವರನ್ನು ಕೇಳದೆ ಅಳತೆ ಹಾಕಿದ್ದೆ. ಎರಡನೆಯದರ ಬಾಯಿಯ ಅಳತೆ ಅವರೇ ಹೇಳಿದರು. ಈಗ ನಮ್ಮ ಬಚ್ಚಲಲ್ಲಿ ಹದಿನಾಲ್ಕು ಕೆಜಿ ಇದ್ದದ್ದು ಒಂಬತ್ತಕ್ಕೆ ಇಳಿದಿದೆ. ಅಮ್ಮ ಕಣ್ಣು ಒರೆಸಿಕೊಳ್ಳದೆ ಬಚ್ಚಲಿನಿಂದ ಹೊರಗೆ ಬರುತ್ತಾರೆ. ನನಗೆ ಅದೇ ದೊಡ್ಡದು. ಮುಯ್ಯಾಳಿನ ಲೆಕ್ಕದಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಮಣ್ಣು ಕಲಸಿ ಇಪ್ಪತ್ತೆರಡು ಒಲೆ ಕಟ್ಟಿದ್ದೇವೆ.

ಕರೆಂಟಿನ ಮಾತು ಬಂದದ್ದು ಊರ ಕೊನೆಯ ಮೂರು ಮನೆಗಳಿಂದ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಅವರಿಗೆ ದಿನಗಟ್ಟಲೆ ಕತ್ತಲೆ. ಮನೆಯ ಹಿಂದೆ ಹಳ್ಳ ಇದೆ. ಅದರ ನೀರಿನಿಂದ ಕಿರು ಟರ್ಬೈನ್ ತಿರುಗಿಸಿ ಕರೆಂಟ್ ಮಾಡಬಹುದಾ ಅಂತ ಅಳೆದೆವು. 200 ಲೀಟರ್ ಡ್ರಮ್ ಇಟ್ಟು ನೋಡಿದಾಗ ಸೆಪ್ಟೆಂಬರ್‌ನಲ್ಲಿ 33 ಸೆಕೆಂಡಿಗೆ ತುಂಬಿತು, ಅಂದರೆ ಸೆಕೆಂಡಿಗೆ ಆರು ಲೀಟರ್. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿಯುತ್ತ ಇಳಿದಾಗ ನೀರು ಇಳಿಯುವ ಎತ್ತರ 28 ಮೀಟರ್ ಸಿಕ್ಕಿತು. ಅರ್ಧ ಶಕ್ತಿ ನಷ್ಟವಾದರೂ 800 ವ್ಯಾಟ್ ಬರುತ್ತದೆ. ಫೆಬ್ರವರಿಯಲ್ಲಿ ಅದೇ ಡ್ರಮ್ ತುಂಬಲು ನಾಲ್ಕು ನಿಮಿಷ ಬೇಕಾಯಿತು, ಆಗ ನೂರು ವ್ಯಾಟಿನ ಹತ್ತಿರ ಅಷ್ಟೇ. ಆದರೆ ಕರೆಂಟ್ ಕೈಕೊಡುವುದು ಹಳ್ಳ ತುಂಬಿದ ತಿಂಗಳುಗಳಲ್ಲೇ. ಹಾಗಾಗಿ ಕಿರು ಟರ್ಬೈನ್ ಆ ಮೂರು ಮನೆಗೆ ಮಾತ್ರ ಅಂತ ಬರೆದುಕೊಂಡೆವು.

ಗೋಬರ್ ಗ್ಯಾಸ್ ಬಗ್ಗೆ ಜಗಳವೇ ಆಯಿತು. ಎರಡು ಘನ ಮೀಟರ್ ತೊಟ್ಟಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಈಗ ಹೆಚ್ಚಿನ ಕೊಟ್ಟಿಗೆಯಲ್ಲಿ ಇರುವುದು ಒಂದೋ ಎರಡೋ ಹಸು. ಎಲ್ಲರ ಸಗಣಿ ಸೇರಿಸೋಣ ಅಂದರೆ ತೋಟದ ಗೊಬ್ಬರದ ಚಿಂತೆ. ಆಗ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯ ಕಥೆ ಹೇಳಿದೆ. ಅಲ್ಲಿ ಊರಿನವರೆಲ್ಲ ಸಗಣಿ ಕೊಟ್ಟು ನಡೆಸುವ ಸ್ಥಾವರ ಮೊದಲು ಅಡುಗೆಗೆ ಅಂತ ಇತ್ತು. ಅಷ್ಟು ಸಗಣಿ ಸಾಲಲಿಲ್ಲ. ಊರಿಗೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ ಕೊಳವೆಬಾವಿಯ ನೀರೆತ್ತಿದರು, ದೀಪ ಹಚ್ಚಿದರು. ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡ ಮಾತ್ರ ಸಗಣಿ ಕೊಟ್ಟವರಿಗೇ ವಾಪಸ್. ಕೇಳಿದವರು ಒಪ್ಪಿದರು ಅಂತಲ್ಲ. ಎರಡು ಮನೆಯವರು ಕೂಡಿ ನಡೆಸಿ ನೋಡುತ್ತೇವೆ ಅಂದರು, ಅಷ್ಟೇ.

ಗ್ರಾಮಸಭೆಯಲ್ಲಿ ಯೋಜನೆ ಓದಿದವರು ಆ ಅಜ್ಜಿಯ ಸೊಸೆ. ಹಳೆಯ ಹಾಳೆಯ ನಾಲ್ಕು ದಾರಿದೀಪಗಳಲ್ಲಿ ಶಾಲೆಯ ತಿರುವಿನದ್ದೊಂದೇ ಉಳಿದಿತ್ತು. ಅಡಿಕೆ ಬೇಯಿಸುವ ಒಲೆ ಇನ್ನೂ ಬಾಕಿ ಇದೆ. ಅದು ದೊಡ್ಡ ಹಂಡೆ, ಕಟ್ಟುವುದೂ ಕಷ್ಟ.

ಪಕ್ಕದ ಊರಿನವರು ತಕ್ಕಡಿ ಕೇಳಿದ್ದಾರೆ. ಅಡಿಕೆ ಕೊಯ್ಲು ಹತ್ತುವ ಮೊದಲೇ ಕೊಡಬೇಕು. ಆಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ.